ಸಂಗೀತದ ಪದವಿಗೆ ಯಾರು ಅರ್ಹರು?

ಕಳೆದ ತಿಂಗಳು ಒಂದು ಸಂಜೆ ನಮ್ಮ ಬೀದಿಯ ಮಿತ್ರರೊಬ್ಬರು ಕೈಯಲ್ಲಿ ಕಾಗದದ ಕಟ್ಟು ಹಿಡಿದು ಮನೆಗೆ ಬಂದರು. ಬ್ಯಾಂಕಿನಿಂದ ನಿವೃತ್ತರಾಗಲು ಇನ್ನೆರಡು ವರ್ಷ ಉಳಿದಿರುವ, ಲೆಕ್ಕಾಚಾರದ ಮನುಷ್ಯರು. ಅವರ ಮಗಳು ಪಿ.ಯು.ಸಿ.ಯಲ್ಲಿ ವಾಣಿಜ್ಯ ಓದಿ ಒಳ್ಳೆಯ ಅಂಕಗಳನ್ನೇ ತೆಗೆದಿದ್ದಾಳೆ. ಮುಂದೆ ಬಿ.ಕಾಂ. ಎಂದು ಮನೆಯವರೆಲ್ಲ ನಂಬಿಕೊಂಡಿರುವಾಗ, ಸಂಗೀತದಲ್ಲೇ ಪದವಿ ಮಾಡುತ್ತೇನೆಂದು ಹಟ ಹಿಡಿದಿದ್ದಾಳೆ.

“ನೀವು ಸಂಗೀತದ ವಿಷಯ ಬರೆಯುವವರು. ಇದಕ್ಕೆ ಏನೇನು ಬೇಕಾಗುತ್ತದೆ, ಹೇಳಿ ಸ್ವಾಮಿ” ಎಂದರು.

ಅವರು ತಂದಿದ್ದ ಅರ್ಜಿಯನ್ನು ನೋಡಿದೆ. ಜನ್ಮದಿನಾಂಕ, ಜಾತಿ ಮತ್ತು ಆದಾಯದ ಪ್ರಮಾಣಪತ್ರ, ಹತ್ತನೆಯ ತರಗತಿಯ ಅಂಕಪಟ್ಟಿ, ಪಿ.ಯು.ಸಿ.ಯ ಅಂಕಪಟ್ಟಿ, ವರ್ಗಾವಣೆ ಪತ್ರ, ಆಧಾರ್ ಪ್ರತಿ, ಭಾವಚಿತ್ರ – ಎಲ್ಲಕ್ಕೂ ಸ್ಥಳವಿತ್ತು. ಸಂಗೀತ ಎಷ್ಟು ಕಲಿತಿದ್ದೀರಿ, ಯಾರಲ್ಲಿ ಕಲಿತಿರಿ ಎಂಬುದನ್ನು ಬರೆಯಲು ಮಾತ್ರ ಒಂದು ಗೆರೆಯಷ್ಟೂ ಜಾಗವಿರಲಿಲ್ಲ. ಯಾವ ಕಾಲೇಜಿನ ಅರ್ಜಿ ಎಂಬುದು ಇಲ್ಲಿ ಮುಖ್ಯವಲ್ಲ. ಬಿ.ಕಾಂ.ಗೂ ಅದೇ ಅರ್ಜಿ, ಭೂಗೋಳಕ್ಕೂ ಅದೇ ಅರ್ಜಿ. ಅಚ್ಚು ಒಂದೇ, ಹಿಟ್ಟು ಬೇರೆ ಬೇರೆ.

ಮಿತ್ರರು ಕೇಳಿದ್ದು ಕಾಗದಪತ್ರಗಳ ಮಾತು. ಅದಕ್ಕೆ ಉತ್ತರ ಅರ್ಜಿಯಲ್ಲೇ ಇತ್ತು. ಆದರೆ ಅವರು ಎದ್ದು ಹೋದ ಮೇಲೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಸಂಗೀತವನ್ನು ವಿಶ್ವವಿದ್ಯಾನಿಲಯದಲ್ಲಿ ಮುಖ್ಯ ವಿಷಯವಾಗಿ ಓದಲು ನಿಜವಾಗಿಯೂ ಏನು ಬೇಕು? ಅದನ್ನು ಕೇಳುವವರು ಯಾರು? ಕೇಳದೆ ಒಳಗೆ ಸೇರಿಸಿಕೊಂಡರೆ ನಷ್ಟ ಯಾರದು? ಮಗಳ ಮೂರು ವರ್ಷಗಳನ್ನು ಪಣವಿಡುವ ಮುನ್ನ ಒಬ್ಬ ತಂದೆ ಕೇಳಲೇಬೇಕಾದ ಪ್ರಶ್ನೆಗಳಿವು.

ಮೊದಲು ಇರುವ ವ್ಯವಸ್ಥೆಯನ್ನು ನೋಡೋಣ. ನಮ್ಮಲ್ಲಿ ಎರಡು ದಾರಿಗಳಿವೆ. ಬಿ.ಎ. ತರಗತಿಯಲ್ಲಿ ಸಂಗೀತವನ್ನು ಇತಿಹಾಸ, ಸಮಾಜಶಾಸ್ತ್ರ, ಕನ್ನಡಗಳ ಜೊತೆಗೆ ಒಂದು ಐಚ್ಛಿಕ ವಿಷಯವಾಗಿ ತೆಗೆದುಕೊಳ್ಳುವುದು ಒಂದು. ಲಲಿತಕಲೆಗಳ ಕಾಲೇಜಿಗೆ ಸೇರಿ ಸಂಗೀತವನ್ನೇ ಪ್ರಧಾನವಾಗಿ ಓದುವುದು ಇನ್ನೊಂದು. ಈ ಎರಡಕ್ಕೂ ಹೊರಗೆ ಮೂರನೆಯದೊಂದುಂಟು. ಪ್ರೌಢಶಿಕ್ಷಣ ಪರೀಕ್ಷಾ ಮಂಡಳಿ ನಮ್ಮ ರಾಜ್ಯದಲ್ಲಿ ಬಹುಕಾಲ ನಡೆಸಿಕೊಂಡು ಬಂದ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳು. ಮನೆಯಲ್ಲಿ ಮೇಷ್ಟರ ಹತ್ತಿರ ಪಾಠ, ವರ್ಷಕ್ಕೊಮ್ಮೆ ಪರೀಕ್ಷೆ – ಮಧ್ಯಮ ವರ್ಗದ ಎಷ್ಟೋ ಮನೆಗಳ ಹೆಣ್ಣುಮಕ್ಕಳು ಸಂಗೀತ ಕಲಿತದ್ದು ಈ ಮೂರನೆಯ ದಾರಿಯಲ್ಲಿ. ವಿಶೇಷವೇನೆಂದರೆ, ಇಲ್ಲಿ ಜೂನಿಯರ್‌ಗೆ ಕುಳಿತವನಿಗೆ ಇಂತಿಷ್ಟು ಗೀತೆ, ಇಂತಿಷ್ಟು ವರ್ಣ ಬರಲೇಬೇಕೆಂಬ ಕಟ್ಟುಪಾಡುಂಟು. ಪದವಿಯ ಬಾಗಿಲಲ್ಲಿ ಅಷ್ಟೂ ಇಲ್ಲದಿರುವುದು ಸೋಜಿಗವಲ್ಲವೆ?

ಎಲ್ಲ ಕಡೆಯೂ ಹೀಗೆಯೇ ಎಂದು ಹೇಳಿದರೆ ತಪ್ಪಾದೀತು. ಹಾಡಿಸಿ ನೋಡಿ ಸೇರಿಸಿಕೊಳ್ಳುವ ಕಾಲೇಜುಗಳೂ ಇವೆ. ಆದರೆ ಆ ಪರೀಕ್ಷೆ ಎಷ್ಟು ನಿಜವಾದದ್ದು ಎಂಬುದು ಪ್ರಶ್ನೆ. ಒಮ್ಮೆ ಅಂಥ ಸಂದರ್ಶನದಲ್ಲಿ ಹೊರಗಿನವನಾಗಿ ಕುಳಿತುಕೊಳ್ಳುವ ಅವಕಾಶ ನನಗೆ ಒದಗಿತ್ತು. ಸ್ಥಾನಗಳು ಇಪ್ಪತ್ತು, ಬಂದಿದ್ದವರು ಹನ್ನೊಂದು ಮಂದಿ. ಹುಡುಗನೊಬ್ಬ ತಂಬೂರಿಯ ಷಡ್ಜಕ್ಕೆ ಮೂರು ಬಾರಿ ಕೊರಳು ಕೂಡಿಸಲು ಹೋಗಿ ಮೂರು ಬಾರಿಯೂ ಬೇರೆ ಬೇರೆ ಕಡೆ ಇಳಿದ. ಪಕ್ಕದಲ್ಲಿದ್ದ ಹಿರಿಯರು ನನ್ನ ಕಿವಿಯಲ್ಲಿ, “ಬಿಡಿ ಸಾರ್, ಸೇರಿಸಿಕೊಳ್ಳೋಣ. ವಿದ್ಯಾರ್ಥಿಗಳಿಲ್ಲ ಅಂತ ವಿಭಾಗವನ್ನೇ ಮುಚ್ಚಿದರೆ ನಾವೆಲ್ಲಿಗೆ ಹೋಗೋಣ?” ಎಂದರು. ಅವರ ಸಂಕಟ ನಿಜ. ಅದನ್ನು ಹಾಸ್ಯಮಾಡುವ ಮನಸ್ಸು ನನಗಿಲ್ಲ. ಆದರೆ ಆ ಹುಡುಗ ಒಳಗೆ ಬಂದದ್ದು ಸಂಗೀತ ಕಲಿಯುವುದಕ್ಕಾಗಿಯೋ, ವಿಭಾಗವನ್ನು ಉಳಿಸುವುದಕ್ಕಾಗಿಯೋ ಎಂಬ ಸಂಶಯ ನನಗೆ ಇನ್ನೂ ತೀರಿಲ್ಲ.

ಇದು ಇಂದು ನಿನ್ನೆಯ ತೊಡಕಲ್ಲ. ಸಂಗೀತವನ್ನು ಶಾಲೆಯೊಳಕ್ಕೆ ತಂದ ದಿನದಿಂದಲೂ ಇದೆ. ಬರೋಡೆಯಲ್ಲಿ ಸಯಾಜಿರಾವ್ ಮಹಾರಾಜರ ಆಶ್ರಯದಲ್ಲಿ ಮೌಲಾಬಕ್ಷರು ಸಂಗೀತಶಾಲೆ ತೆರೆದದ್ದು 1886ರಲ್ಲಿ. ವಿಷ್ಣು ದಿಗಂಬರ ಪಲುಸ್ಕರರು ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯವನ್ನು ಸ್ಥಾಪಿಸಿದ್ದು 1901ರಲ್ಲಿ. ವಕೀಲಿ ಓದಿ ಸಂಗೀತಕ್ಕೆ ಒಲಿದ ಭಾತಖಂಡೆಯವರ ಪ್ರಯತ್ನದಿಂದ ಲಖನೌದಲ್ಲಿ ಮ್ಯಾರಿಸ್ ಕಾಲೇಜು ಆರಂಭವಾದದ್ದು 1926ರಲ್ಲಿ. ದಕ್ಷಿಣದಲ್ಲಿ 1927ರ ಮದರಾಸಿನ ಸಂಗೀತ ಸಮ್ಮೇಳನ, ಅದರಿಂದ ಹುಟ್ಟಿದ ಮ್ಯೂಸಿಕ್ ಅಕಾಡೆಮಿ, ಬಳಿಕ ಮದರಾಸು ಮತ್ತು ಅಣ್ಣಾಮಲೈ ವಿಶ್ವವಿದ್ಯಾನಿಲಯಗಳ ಸಂಗೀತ ವ್ಯಾಸಂಗ. ಹೀಗೆ ಐವತ್ತು ವರ್ಷಗಳೊಳಗೆ ಸಂಗೀತ ಅರಮನೆಯ ಚಾವಡಿಯಿಂದ, ಗುರುವಿನ ಜಗಲಿಯಿಂದ ತರಗತಿಯ ಬೆಂಚಿಗೆ ಬಂತು.

ಇದರಿಂದ ಆದ ಉಪಕಾರವನ್ನು ಮರೆಯುವಂತಿಲ್ಲ. ಗುರುಕುಲವನ್ನು ಕುರಿತು ಇಂದು ನಾವು ಕಣ್ಣೀರು ತುಂಬಿ ಮಾತನಾಡುತ್ತೇವೆ. ಆದರೆ ಆ ಬಾಗಿಲು ಎಲ್ಲರಿಗೂ ತೆರೆದಿತ್ತೆಂದು ಹೇಳುವುದು ಸುಳ್ಳು. ಅಲ್ಲಿ ಜಾತಿ ಕೇಳುತ್ತಿದ್ದರು, ಮನೆತನ ಕೇಳುತ್ತಿದ್ದರು. ಹೆಣ್ಣುಮಗಳಾದರೆ ಇನ್ನೂ ನೂರು ಪ್ರಶ್ನೆ. ವರ್ಷಗಟ್ಟಲೆ ನೀರು ಹೊತ್ತವನಿಗೂ ಕೃತಿಯೊಂದನ್ನು ಪೂರ್ತಿ ಹೇಳಿಕೊಡದ ಗುರುಗಳಿದ್ದರು. ಅಪರೂಪದ ಚೀಜನ್ನು ಮಗನಿಗೆಂದು ಬಚ್ಚಿಟ್ಟ ಉಸ್ತಾದರಿದ್ದರು. ಭಾತಖಂಡೆಯವರು ಮನೆಮನೆ ಅಲೆದು, ಬೇಡಿ ಕಾಡಿ ಸಂಗ್ರಹಿಸಿದ ಸಾವಿರಕ್ಕೂ ಮಿಕ್ಕ ರಚನೆಗಳನ್ನು ಸ್ವರಲಿಪಿಯಲ್ಲಿ ಅಚ್ಚುಹಾಕಿಸಿ ಆರು ಭಾಗಗಳಲ್ಲಿ ಎಲ್ಲರ ಕೈಗೂ ಸಿಗುವಂತೆ ಮಾಡಿದ್ದು ಈ ಬಚ್ಚಿಡುವ ಗುಣಕ್ಕೆ ಕೊಟ್ಟ ಉತ್ತರ. ಆದ್ದರಿಂದ ಕಾಲೇಜು ಬೇಡ, ಗುರುಕುಲವೇ ಸಾಕು ಎನ್ನುವವರ ಗುಂಪಿಗೆ ನಾನು ಸೇರುವವನಲ್ಲ. ನನ್ನ ತಕರಾರು ಕಾಲೇಜಿನ ಮೇಲಲ್ಲ, ಅದರ ಬಾಗಿಲಲ್ಲಿ ಕೇಳುವ ಪ್ರಶ್ನೆಯ ಮೇಲೆ.

ಈ ಪ್ರಶ್ನೆ ಎಷ್ಟು ದಿಕ್ಕುತಪ್ಪಿದೆ ಎಂಬುದಕ್ಕೆ ನಮ್ಮ ನಾಡಿನಲ್ಲೇ ಒಂದು ನಿದರ್ಶನವಿದೆ. ಮೈಸೂರಿನಲ್ಲಿರುವ ರಾಜ್ಯದ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾನಿಲಯ ಡಾ. ಗಂಗೂಬಾಯಿ ಹಾನಗಲ್ ಅವರ ಹೆಸರನ್ನು ಹೊತ್ತಿದೆ. ಹೆಸರು ಯೋಗ್ಯವಾದದ್ದು, ಅದರಲ್ಲಿ ಎರಡು ಮಾತಿಲ್ಲ. 1913ರಲ್ಲಿ ಧಾರವಾಡದಲ್ಲಿ ಹುಟ್ಟಿದ ಆ ತಾಯಿಯ ಶಾಲೆಯ ಓದು ಪ್ರಾಥಮಿಕ ಮಟ್ಟಕ್ಕೇ ನಿಂತಿತು. ಆಕೆಯ ನಿಜವಾದ ಶಾಲೆಗಳು ಬೇರೆ. ಕರ್ನಾಟಕ ಸಂಗೀತ ಬಲ್ಲ ತಾಯಿ ಅಂಬಾಬಾಯಿ, ಹುಲಗೂರು ಕೃಷ್ಣಾಚಾರ್ಯರು, ಕೊನೆಗೆ ಹುಬ್ಬಳ್ಳಿಯಿಂದ ರೈಲು ಹಿಡಿದು ಹೋಗಿ ಪಾಠ ಹೇಳಿಸಿಕೊಂಡ ಕುಂದಗೋಳದ ಸವಾಯಿ ಗಂಧರ್ವರು. ಆಕೆಗೆ 2002ರಲ್ಲಿ ಪದ್ಮವಿಭೂಷಣ ಬಂತು. ಕರ್ನಾಟಕ ವಿಶ್ವವಿದ್ಯಾನಿಲಯದಲ್ಲಿ ಗೌರವ ಪ್ರಾಧ್ಯಾಪಕಿಯೂ ಆಗಿದ್ದರು. ಆದರೆ ಪದವಿ ತರಗತಿಗೆ ಸೇರಲು ಹನ್ನೆರಡು ವರ್ಷದ ಶಾಲಾ ವ್ಯಾಸಂಗ ಮುಗಿದಿರಬೇಕೆಂಬುದು ದೇಶದ ಸಾಮಾನ್ಯ ನಿಯಮ. ಅಂದರೆ, ಹದಿನೆಂಟರ ಹರೆಯದ ಗಂಗೂಬಾಯಿ ಇಂದು ಬಂದರೆ ತಮ್ಮ ಹೆಸರಿನ ವಿಶ್ವವಿದ್ಯಾನಿಲಯದಲ್ಲೇ ಪದವಿಗೆ ಅರ್ಜಿ ಹಾಕುವಂತಿಲ್ಲ.

ಇದು ಆ ಸಂಸ್ಥೆಯ ದೋಷವಲ್ಲ. ಅದು ಪಾಲಿಸಬೇಕಾದ ನಿಯಮ ಅದಕ್ಕಿಂತ ದೊಡ್ಡದು. ಇನ್ನೊಂದು ಮಾತನ್ನೂ ಕೂಡಲೇ ಸೇರಿಸುತ್ತೇನೆ. ಗಂಗೂಬಾಯಿಯವರು ಶಾಲೆ ಬಿಟ್ಟರು, ಮಲ್ಲಿಕಾರ್ಜುನ ಮನಸೂರರು ಎಳೆವಯಸ್ಸಿನಲ್ಲೇ ನಾಟಕ ಕಂಪನಿ ಸೇರಿದರು, ಭೀಮಸೇನ ಜೋಶಿಯವರು ಹನ್ನೊಂದರ ವಯಸ್ಸಿಗೆ ಗುರುವನ್ನು ಹುಡುಕಿ ಮನೆ ಬಿಟ್ಟರು. ಆದ್ದರಿಂದ ಓದೇ ಬೇಡ – ಹೀಗೆ ವಾದಿಸುವುದು ಅಪಾಯ. ಮನೆ ಬಿಟ್ಟವರಲ್ಲಿ ಭೀಮಸೇನರಾದವರು ಒಬ್ಬರು. ಏನೂ ಆಗದೆ ಉಳಿದವರ ಹೆಸರು ಯಾರಿಗೂ ಗೊತ್ತಿಲ್ಲ. ಮಹಾತ್ಮರ ಜೀವನ ನಿಯಮಕ್ಕೆ ಆಧಾರವಾಗಲಾರದು. ನಾನು ಹೇಳುವುದು ಇಷ್ಟೆ: ಅವರನ್ನು ಹೊರಗಿಡುವ ನಿಯಮ ಯಾವುದನ್ನು ಅಳೆಯುತ್ತಿದೆಯೋ ಅದು ಸಂಗೀತವಲ್ಲ.

ಬೇರೆ ವಿಷಯಗಳ ಜೊತೆ ಹೋಲಿಸಿ ನೋಡಿ. ಕನ್ನಡ ಎಂ.ಎ.ಗೆ ಬಂದವನಿಗೆ ಕಾಗುಣಿತ ಹೇಳಿಕೊಡುವ ಪ್ರಾಧ್ಯಾಪಕರಿಲ್ಲ. ಗಣಿತದ ಪದವಿಗೆ ಬಂದವನು ಮಗ್ಗಿಯಿಂದ ಆರಂಭಿಸುವುದಿಲ್ಲ. ಹನ್ನೆರಡು ವರ್ಷ ಗಣಿತ ಓದಿಯೇ ಬಂದಿರುತ್ತಾನೆ. ಸಂಗೀತದಲ್ಲಿ ಮಾತ್ರ, ಹದಿನೆಂಟು ವರ್ಷದವರೆಗೆ ಒಂದು ಸ್ವರವನ್ನೂ ನುಡಿಯದವನು ಮಾಯಾಮಾಳವಗೌಳದ ಸರಳೆ ವರಸೆಯಿಂದ ಹೊರಟು ಮೂರು ವರ್ಷದಲ್ಲಿ ಪದವೀಧರನಾಗಬಹುದೆಂದು ನಾವು ನಂಬಿದ್ದೇವೆ. ಸರಳೆ, ಜಂಟಿ, ಅಲಂಕಾರ, ಗೀತೆ, ಸ್ವರಜತಿ, ವರ್ಣ, ಆಮೇಲೆ ಕೃತಿ. ಪುರಂದರದಾಸರು ಹಾಕಿದರೆಂದು ಹೇಳುವ ಈ ಮೆಟ್ಟಿಲುಗಳನ್ನು ಹತ್ತುವುದಕ್ಕೇ ಎಳೆಯ ಕೊರಳಿಗೆ ಐದಾರು ವರ್ಷ ಹಿಡಿಯುತ್ತದೆ. ರಾಗಾಲಾಪನೆ, ನೆರವಲು, ಕಲ್ಪನಾಸ್ವರ ಅದರಾಚೆಗಿನ ಮಾತು. ಹಾಗಾದರೆ ಪದವಿ ತರಗತಿ ಯಾವ ಮೆಟ್ಟಿಲಲ್ಲಿ ಆರಂಭವಾಗಬೇಕು?

ನಮ್ಮ ಬ್ಯಾಂಕಿನ ಮಿತ್ರರಿಗೆ ಒಪ್ಪುವಂತೆ ಒಂದು ಲೆಕ್ಕ ಹಾಕೋಣ. ಪ್ರಾಯೋಗಿಕ ಪಾಠ ವಾರಕ್ಕೆ ಆರು ಗಂಟೆ ಎಂದಿಟ್ಟುಕೊಳ್ಳಿ. ಸೆಮಿಸ್ಟರಿಗೆ 16 ವಾರ, ಮೂರು ವರ್ಷಕ್ಕೆ ಆರು ಸೆಮಿಸ್ಟರ್. ಒಟ್ಟು 576 ಗಂಟೆ. ದಿನಕ್ಕೆ ಮೂರು ಗಂಟೆ ಸಾಧನೆ ಮಾಡುವ ಶಿಷ್ಯನಿಗೆ ಇದು 192 ದಿನಗಳ ಕೆಲಸ. ಅಂದರೆ ಆರು ತಿಂಗಳ ಮೇಲೆ ಕೆಲವು ದಿನ. ಅದೂ ಹೋಗಲಿ, ಈ 576 ಗಂಟೆಗಳು ಒಬ್ಬರದಲ್ಲ. ತರಗತಿಯಲ್ಲಿ ಇಪ್ಪತ್ತು ಮಂದಿಯಿದ್ದರೆ, ಒಂದು ಕೊರಳಿಗೆ ಮೇಷ್ಟರ ಕಿವಿ ಪೂರ್ತಿಯಾಗಿ ಸಿಗುವುದು ಮೂರು ವರ್ಷಗಳಲ್ಲಿ 29 ಗಂಟೆಗಿಂತ ಕಡಿಮೆ. ಈ ಅವಧಿಯಲ್ಲಿ ಷಡ್ಜವನ್ನು ಕೂಡಿಸುವುದನ್ನೂ ಕಲಿಸಿ, ಭೈರವಿಯ ಆಲಾಪನೆಯನ್ನೂ ಕಲಿಸಬೇಕೆಂದರೆ ಎಂಥ ವಿದ್ವಾಂಸರೂ ಕೈಚೆಲ್ಲಬೇಕಾದೀತು.

2021ರಲ್ಲಿ ನಮ್ಮ ರಾಜ್ಯದಲ್ಲಿ ಹೊಸ ಶಿಕ್ಷಣನೀತಿಯನ್ನು ಅನುಸರಿಸಿ ನಾಲ್ಕು ವರ್ಷದ ಪದವಿ ಬಂತು. 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಮರಳಿದೆವು. ವರ್ಷ ಕೂಡಿಸುವ, ಕಳೆಯುವ ಈ ಚರ್ಚೆಯಲ್ಲಿ ಬೆಂಚಿನ ಮೇಲೆ ಬಂದು ಕುಳಿತವನ ಕಿವಿ ಹೇಗಿದೆ ಎಂಬ ಮಾತು ಯಾರ ಬಾಯಲ್ಲೂ ಬಂದಂತೆ ಕಾಣಲಿಲ್ಲ.

ಈಗ ನನ್ನ ಮುಖ್ಯ ಅಭಿಪ್ರಾಯಕ್ಕೆ ಬರುತ್ತೇನೆ. ಯಾವುದೇ ವಿದ್ಯಾಸಂಸ್ಥೆ ತಾನು ಕೊಡಲಾರದ್ದನ್ನು ವಿದ್ಯಾರ್ಥಿಯಿಂದ ಕೇಳಬೇಕು. ಬೇರೆಡೆ ಸಿಗದ್ದನ್ನು ಅವನಿಗೆ ಕೊಡಬೇಕು. ಶ್ರುತಿ ಹಿಡಿಯುವ ಕಿವಿ, ಲಯದ ಬಿಗಿ, ದಿನದಿನವೂ ಸಾಧನೆಗೆ ಕೂರುವ ಚಟ – ಇವನ್ನು ವಿಶ್ವವಿದ್ಯಾನಿಲಯ ಕೊಡಲಾರದು. ಸಂಗೀತದ ಚರಿತ್ರೆ, ಶಾಸ್ತ್ರಗ್ರಂಥಗಳ ಪರಿಚಯ, ಸಾಹಿತ್ಯದ ಅರ್ಥ, ಬೇರೆ ಬೇರೆ ಪದ್ಧತಿಗಳನ್ನು ಕೇಳಿ ತೂಗುವ ವಿವೇಕ – ಇವು ಎಲ್ಲ ಗುರುಗಳ ಮನೆಯಲ್ಲೂ ಸಿಗುವುದಿಲ್ಲ. ನಮ್ಮಲ್ಲಿ ಈಗ ನಡೆಯುತ್ತಿರುವುದು ತಲೆಕೆಳಗು. ಕೊಡಲಾರದ್ದನ್ನು ಕೇಳುವುದಿಲ್ಲ, ಕೊಡಬೇಕಾದ್ದನ್ನು ಕೊಡುವುದಿಲ್ಲ. ಮೇಷ್ಟರ ಮನೆಯಲ್ಲಿ ಐದಾರು ವರ್ಷ ಹಿಡಿಯುವ ಮೊದಲ ಪಾಠಗಳನ್ನು ತರಗತಿಯಲ್ಲಿ ಆತುರಾತುರವಾಗಿ ಒಪ್ಪಿಸುತ್ತೇವೆ. ಶಾಸ್ತ್ರವನ್ನು ಟಿಪ್ಪಣಿಯಾಗಿ ಬರೆಸುತ್ತೇವೆ.

ನಮ್ಮ ಹಿರಿಯರು ಲಕ್ಷ್ಯ ಮತ್ತು ಲಕ್ಷಣ ಎಂದು ಎರಡು ಮಾತು ಹೇಳಿದ್ದಾರೆ. ಹಾಡಿಕೆಯಲ್ಲಿರುವುದು ಲಕ್ಷ್ಯ, ಅದನ್ನು ವಿವರಿಸುವ ಶಾಸ್ತ್ರ ಲಕ್ಷಣ. ಲಕ್ಷ್ಯವಿಲ್ಲದವನಿಗೆ ಲಕ್ಷಣ ಹೇಳುವುದು, ಮಾವಿನಹಣ್ಣು ತಿನ್ನದವನಿಗೆ ರಸಪುರಿಗೂ ಬಾದಾಮಿಗೂ ಇರುವ ವ್ಯತ್ಯಾಸವನ್ನು ಪುಸ್ತಕದಲ್ಲಿ ತೋರಿಸಿದಂತೆ. ಎಪ್ಪತ್ತೆರಡು ಮೇಳಕರ್ತರಾಗಗಳ ಪಟ್ಟಿಯನ್ನು ಒಂದೇ ಉಸಿರಿಗೆ ಹೇಳಿ, ತೋಡಿಯ ಗಾಂಧಾರ ಕಿವಿಗೆ ಬಿದ್ದಾಗ ಗುರುತು ಹಿಡಿಯಲಾರದ ಪದವೀಧರರನ್ನು ನಾನು ಕಂಡಿದ್ದೇನೆ. ಅವರು ದಡ್ಡರಲ್ಲ, ಸೋಮಾರಿಗಳಲ್ಲ. ಹಣ್ಣು ತಿನ್ನಿಸುವ ಮೊದಲೇ ಅವರ ಕೈಗೆ ಪುಸ್ತಕ ಕೊಟ್ಟೆವು, ಅಷ್ಟೆ.

ಪಶ್ಚಿಮದ ದೇಶಗಳಲ್ಲಿ ಇದನ್ನು ಹೇಗೆ ಬಗೆಹರಿಸಿಕೊಂಡಿದ್ದಾರೆ ಎಂದು ವಾಚಕರು ಕೇಳಬಹುದು. ಅಮೆರಿಕದ ವಿಶ್ವವಿದ್ಯಾನಿಲಯಗಳಲ್ಲಿ ಎರಡು ಬಗೆಯ ಪದವಿಯನ್ನು ಬೇರೆಬೇರೆಯಾಗಿ ಇಟ್ಟಿದ್ದಾರೆ. ಸಂಗೀತಗಾರನಾಗಲು ಹೊರಟವನಿಗೆ ಬ್ಯಾಚಲರ್ ಆಫ್ ಮ್ಯೂಸಿಕ್. ಅದರಲ್ಲಿ ವ್ಯಾಸಂಗದ ಸುಮಾರು ಮೂರನೇ ಎರಡು ಭಾಗ ಸಂಗೀತವೇ. ಸಂಗೀತವನ್ನು ಇತರ ವಿದ್ಯೆಗಳ ನಡುವೆ ಓದುವವನಿಗೆ ಬ್ಯಾಚಲರ್ ಆಫ್ ಆರ್ಟ್ಸ್; ಅದರಲ್ಲಿ ಸಂಗೀತ ಹೆಚ್ಚುಕಡಿಮೆ ಮೂರನೇ ಒಂದು ಭಾಗ. ಮೊದಲನೆಯದಕ್ಕೆ ಸೇರಬೇಕಾದರೆ ಪರೀಕ್ಷಕರ ಮುಂದೆ ನುಡಿಸಿ ಅಥವಾ ಹಾಡಿ ತೋರಿಸಬೇಕು. ಸೇರಿದ ಮೇಲೂ ಅವಧಿಗೊಮ್ಮೆ ಅಧ್ಯಾಪಕರ ಮುಂದೆ ಹಾಡಬೇಕು. ಕೊನೆಗೆ ಸಭೆಯಲ್ಲಿ ಕಚೇರಿ ಮಾಡಬೇಕು. ಅದು ಇದ್ದಂತೆಯೇ ನಮಗೆ ಒಪ್ಪುವುದಿಲ್ಲ. ಅಲ್ಲಿ ಬರೆದಿಟ್ಟ ಸ್ವರಲಿಪಿಯನ್ನು ಕಂಡ ಕೂಡಲೇ ನುಡಿಸಬಲ್ಲವನಿಗೆ ಬೆಲೆ. ಇಲ್ಲಿ ಕೇಳಿದ್ದನ್ನು ನೆನಪಿನಲ್ಲಿಟ್ಟು ಬೆಳೆಸಬಲ್ಲವನಿಗೆ ಬೆಲೆ. ಆದರೆ ಸಂಗೀತಗಾರನನ್ನು ರೂಪಿಸುವ ಪದವಿ ಬೇರೆ, ಸಂಗೀತ ಬಲ್ಲ ವಿದ್ಯಾವಂತನನ್ನು ರೂಪಿಸುವ ಪದವಿ ಬೇರೆ ಎಂಬ ಪ್ರಾಮಾಣಿಕತೆಯನ್ನು ನಾವು ಅವರಿಂದ ಧಾರಾಳವಾಗಿ ಪಡೆಯಬಹುದು. ನಮ್ಮಲ್ಲಿ ಎರಡು ಪದವಿಗಳ ಹೆಸರು ಬೇರೆಯಾದರೂ, ಎರಡರಿಂದಲೂ ಕಚೇರಿ ವಿದ್ವಾಂಸರು ಹೊರಬರುತ್ತಾರೆಂದು ತಂದೆತಾಯಿಗಳು ನಂಬಿರುತ್ತಾರೆ. ಆ ನಂಬಿಕೆಯನ್ನು ತಿದ್ದುವವರಿಲ್ಲ.

ಹಾಗಾದರೆ ಬಾಗಿಲಲ್ಲಿ ಏನನ್ನು ಕೇಳಬೇಕು? ನನಗೆ ತೋರುವುದು ನಾಲ್ಕೇ. ತಂಬೂರಿ ಮೀಟಿ, ಹುಡುಗಿ ತನ್ನ ಷಡ್ಜ ಪಂಚಮಗಳನ್ನು ತಾನಾಗಿ ಕಂಡುಕೊಳ್ಳುತ್ತಾಳೆಯೇ ನೋಡುವುದು. ಆದಿತಾಳವನ್ನು ಕೈಯಲ್ಲಿ ಬಿಡದೆ ಹಾಕುತ್ತ ಒಂದು ಅಲಂಕಾರವನ್ನು ಎರಡು ಕಾಲಗಳಲ್ಲಿ ಹಾಡಿಸುವುದು. ಆಕೆ ಹಿಂದೆ ಕೇಳಿರದ ಒಂದು ಸಣ್ಣ ಸಂಚಾರವನ್ನು ಹಾಡಿ ತೋರಿಸಿ, ಮೂರು ಸಲ ಕೇಳಿದ ಮೇಲೆ ಎಷ್ಟನ್ನು ಮರಳಿ ಕೊಡುತ್ತಾಳೆ ಎಂದು ಕೇಳುವುದು. ಕೊನೆಯದಾಗಿ, ಕಳೆದ ವರ್ಷ ಯಾರ ಸಂಗೀತ ಕೇಳಿದೆಯಮ್ಮ, ಅದರಲ್ಲಿ ಯಾವುದು ಹಿಡಿಸಿತು, ಏಕೆ ಎಂದು ಮಾತಾಡಿಸುವುದು. ಇಪ್ಪತ್ತು ನಿಮಿಷದ ಕೆಲಸ. ಇದರಲ್ಲಿ ಜಾತಿಯ ಮಾತಿಲ್ಲ, ಮನೆತನದ ಮಾತಿಲ್ಲ. ದುಬಾರಿ ಪಾಠ ಹೇಳಿಸಿಕೊಂಡವಳಿಗೇ ಆಗಬೇಕೆಂಬ ಹಟವೂ ಇಲ್ಲ. ಭಜನೆಯ ಮನೆಯಲ್ಲಿ ಬೆಳೆದವಳೂ, ಸೋಬಾನೆ ಹಾಡುವ ಅಜ್ಜಿಯ ಮಗ್ಗುಲಲ್ಲಿ ಬೆಳೆದವಳೂ, ಸಿನಿಮಾ ಹಾಡನ್ನೇ ಶ್ರುತಿಬದ್ಧವಾಗಿ ಹಾಡುವವಳೂ ಇದರಲ್ಲಿ ಗೆಲ್ಲಬಹುದು.

ಇಲ್ಲಿ ನ್ಯಾಯವಾದ ಆಕ್ಷೇಪವೊಂದಿದೆ. ಹಳ್ಳಿಯಲ್ಲಿ ಸಂಗೀತದ ಮೇಷ್ಟರೇ ಇಲ್ಲ. ಅಲ್ಲಿಯ ಮಕ್ಕಳು ಅಲಂಕಾರವನ್ನು ಎಲ್ಲಿ ಕಲಿತು ಬರಬೇಕು? ಪರೀಕ್ಷೆ ಬಿಗಿಮಾಡಿದರೆ ಬೆಂಗಳೂರು ಮೈಸೂರುಗಳ ಮಕ್ಕಳಿಗೆ ಮಾತ್ರ ಸ್ಥಾನ ಸಿಕ್ಕೀತು. ನಿಜ. ಇದಕ್ಕೆ ಉತ್ತರ ಪರೀಕ್ಷೆಯನ್ನು ಕೈಬಿಡುವುದಲ್ಲ, ಕಿವಿಯಿದ್ದೂ ಪಾಠವಿಲ್ಲದವರಿಗಾಗಿ ಒಂದು ಸಿದ್ಧತೆಯ ವರ್ಷವನ್ನು ತೆರೆಯುವುದು. ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ನೆನೆಯಿರಿ. ಸ್ವತಃ ಕಣ್ಣಿಲ್ಲದ ಪಂಚಾಕ್ಷರಿ ಗವಾಯಿಗಳು, ಅವರ ತರುವಾಯ ಪುಟ್ಟರಾಜ ಗವಾಯಿಗಳು, ಕಣ್ಣಿಲ್ಲದ ಎಷ್ಟೋ ಬಡಮಕ್ಕಳಿಗೆ ಅನ್ನ ಹಾಕಿ ವಿದ್ಯೆ ಕೊಟ್ಟರು. ಬಸವರಾಜ ರಾಜಗುರುಗಳಂಥವರು ಪಂಚಾಕ್ಷರಿ ಗವಾಯಿಗಳ ಶಿಷ್ಯರು. ಅಲ್ಲಿಯ ಬಾಗಿಲು ಅಗಲವಾಗಿತ್ತು, ಪಾಠ ಮಾತ್ರ ಸಡಿಲವಾಗಿರಲಿಲ್ಲ. ಬಾಗಿಲನ್ನು ಅಗಲ ಮಾಡುವುದಕ್ಕೂ ಪಾಠವನ್ನು ಸಡಿಲಿಸುವುದಕ್ಕೂ ಇರುವ ವ್ಯತ್ಯಾಸವನ್ನು ನಾವು ಅಲ್ಲಿ ಕಲಿಯಬೇಕು.

ಕೇಳುವ ಮಾತು ಇಷ್ಟಾಯಿತು. ಕೊಡುವ ಮಾತೂ ಇದೆ. ಕಲ್ಯಾಣದ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ಸಂಗೀತಕ್ಕೆ ವಿಸ್ತಾರವಾದ ಸ್ಥಳವಿದೆ. ವಿಜಯನಗರದ ಆಶ್ರಯದಲ್ಲಿ ರಾಮಾಮಾತ್ಯ 1550ರಲ್ಲಿ ಸ್ವರಮೇಳಕಲಾನಿಧಿಯನ್ನು ಬರೆದ. ಶಿವಗಂಗೆಯ ಸೀಮೆಯಿಂದ ಹೊರಟ ಪುಂಡರೀಕ ವಿಠ್ಠಲ ಉತ್ತರ ದೇಶಕ್ಕೆ ಹೋಗಿ ಅಲ್ಲಿಯ ರಾಗಗಳಿಗೂ ದಕ್ಷಿಣದ ರಾಗಗಳಿಗೂ ಸೇತುವೆ ಕಟ್ಟಿದ. ಭಾತಖಂಡೆಯವರು 1904ರಲ್ಲಿ ದಕ್ಷಿಣಕ್ಕೆ ಬಂದು ಇಲ್ಲಿಯ ಮೇಳಪದ್ಧತಿಯನ್ನು ನೋಡಿ ಹೋದದ್ದು, ಮುಂದೆ ಅವರು ಹಿಂದುಸ್ತಾನಿ ರಾಗಗಳನ್ನು ಹತ್ತು ಥಾಟುಗಳಲ್ಲಿ ಅಳವಡಿಸಿದ್ದು ಒಂದೇ ಕಥೆಯ ಎರಡು ಅಧ್ಯಾಯಗಳು. ತುಂಗಭದ್ರೆಯ ಆಚೆಗೊಂದು ಸಂಗೀತ, ಈಚೆಗೊಂದು ಸಂಗೀತ ಇರುವ ನಾಡು ನಮ್ಮದು. ಎರಡನ್ನೂ ಕಿವಿಯಿಂದ ಬಲ್ಲ ಪದವೀಧರ ಕರ್ನಾಟಕದಲ್ಲಲ್ಲದೆ ಮತ್ತೆಲ್ಲಿ ಹುಟ್ಟಬೇಕು? ಇದು ಮನೆಯ ಮೇಷ್ಟರು ಕೊಡಲಾರದ, ವಿಶ್ವವಿದ್ಯಾನಿಲಯ ಕೊಡಬಲ್ಲ ವಿದ್ಯೆ.

ಸಾಹಿತ್ಯದ ವಿಷಯವೂ ಹಾಗೆಯೇ. ನಮ್ಮ ಗಾಯಕರು ಹಾಡುವುದು ತೆಲುಗು, ಸಂಸ್ಕೃತ, ಕನ್ನಡ, ತಮಿಳುಗಳಲ್ಲಿ. ಪದವನ್ನು ಎಲ್ಲಿ ಬಿಡಿಸಬೇಕು, ಎಲ್ಲಿ ಬಿಡಿಸಿದರೆ ಅರ್ಥ ಅನರ್ಥವಾಗುತ್ತದೆ ಎಂಬುದನ್ನು ತಿಳಿಯದೆ ಹಾಡಿದಾಗ ಸಭೆಯಲ್ಲಿ ಕುಳಿತ ಸಾಹಿತ್ಯಪ್ರಿಯನಿಗೆ ಆಗುವ ನೋವು ಅಷ್ಟಿಷ್ಟಲ್ಲ. ಅದರಲ್ಲೂ ದಾಸರ ಪದವನ್ನು ಕನ್ನಡಿಗನೇ ತಪ್ಪಾಗಿ ಒಡೆದರೆ ಕ್ಷಮೆಯಿಲ್ಲ. ಸಂಗೀತದ ಪದವಿಯಲ್ಲಿ ಭಾಷಾಪಾಠವೂ ಇರುತ್ತದೆ. ಆದರೆ ಆ ತರಗತಿಯಲ್ಲಿ ಕಥೆ, ಪ್ರಬಂಧ ಓದಿಸುತ್ತಾರೆಯೇ ಹೊರತು, ಆ ಹುಡುಗಿ ಪಕ್ಕದ ಕೊಠಡಿಯಲ್ಲಿ ಹಾಡುತ್ತಿರುವ ಕೀರ್ತನೆಯನ್ನು ಬಿಡಿಸಿ ಹೇಳುವುದಿಲ್ಲ. ಎರಡು ಕೊಠಡಿಗಳ ನಡುವಿನ ಆ ಗೋಡೆಯನ್ನು ಒಡೆಯಲು ಹೊಸ ಹಣ ಬೇಕಿಲ್ಲ. ಇಬ್ಬರು ಅಧ್ಯಾಪಕರು ಒಂದು ಕಪ್ಪು ಕಾಫಿಗೆ ಕುಳಿತರೆ ಸಾಕು.

ಕಲಿಸುವವರ ಅರ್ಹತೆಯಲ್ಲೂ ಇದೇ ಗೊಂದಲ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗ 2018ರಲ್ಲಿ ಹೊರಡಿಸಿದ ನಿಯಮಗಳು ಸಂಗೀತದ ಅಧ್ಯಾಪಕ ಹುದ್ದೆಗೆ ಒಂದು ಪ್ರತ್ಯೇಕ ದಾರಿಯನ್ನು ಇಟ್ಟವು. ಹೆಸರಾಂತ ಗುರುಗಳಲ್ಲಿ ಕಲಿತ, ಆಕಾಶವಾಣಿಯ ಉನ್ನತ ಶ್ರೇಣಿಯ ಕಲಾವಿದರನ್ನು ತೆಗೆದುಕೊಳ್ಳಬಹುದು; ಆದರೆ ಒಂದು ಪದವಿ ಅವರಿಗೂ ಇರಬೇಕು. 2022ರಲ್ಲಿ ‘ಪ್ರೊಫೆಸರ್ ಆಫ್ ಪ್ರಾಕ್ಟೀಸ್’ ಎಂಬ ಏರ್ಪಾಟು ಬಂದು, ಹದಿನೈದು ವರ್ಷಕ್ಕೆ ಕಡಿಮೆಯಿಲ್ಲದ ಅನುಭವವುಳ್ಳ ನಿಪುಣರಿಗೆ ಪದವಿಯ ಕಟ್ಟನ್ನು ಸಡಿಲಿಸಿತು. ಅದು ಒಳ್ಳೆಯದಾಯಿತು. ಆದರೆ ಆ ಹುದ್ದೆಗೆ ನಾಲ್ಕು ವರ್ಷದ ಮಿತಿಯಿದೆ. ಸಂಗೀತದ ಶಿಷ್ಯತ್ವಕ್ಕೆ ಅಂಥ ಮಿತಿಯಿಲ್ಲ.

ಮೊನ್ನೆ ಮಿತ್ರರು ಮತ್ತೆ ಬಂದರು, ಮಗಳನ್ನೂ ಕರೆದುಕೊಂಡು. ಮೇಲಿನ ಮಾತುಗಳಲ್ಲಿ ಅರ್ಧವನ್ನು ಹೇಳಿದೆ. ಅವರು ಗಂಭೀರವಾಗಿ ಕೇಳಿ, “ಎಲ್ಲ ಸರಿ, ಮುಂದೆ ಹೊಟ್ಟೆಪಾಡು?” ಎಂದರು. ಸುಳ್ಳು ಹೇಳಲಿಲ್ಲ. ಶಾಲೆಗಳಲ್ಲಿ ಸಂಗೀತದ ಹುದ್ದೆಗಳು ಕಡಿಮೆ. ಕಚೇರಿಯಿಂದಲೇ ಸಂಸಾರ ನಡೆಸುವವರು ಇನ್ನೂ ಕಡಿಮೆ. ಹೆಚ್ಚಿನವರು ಮನೆಪಾಠದಿಂದ ಬದುಕುತ್ತಾರೆ. ಮನೆಪಾಠವೂ ಮರ್ಯಾದೆಯ ಕೆಲಸವೇ, ಆದರೆ ಅದನ್ನು ಚೆನ್ನಾಗಿ ಮಾಡಬೇಕಾದರೆ ತನಗೆ ಮೊದಲು ಬರಬೇಕು. ಪದವಿ ಕಾಗದ ಅಷ್ಟರಮಟ್ಟಿಗೆ ಯಾರನ್ನೂ ಕಾಪಾಡದು ಎಂದೆ.

ಹುಡುಗಿ ಸುಮ್ಮನೆ ಕುಳಿತಿದ್ದಳು. “ಏನಾದರೂ ಹಾಡಮ್ಮ” ಎಂದೆ. ಶ್ರುತಿಪೆಟ್ಟಿಗೆ ಹಾಕಿಕೊಂಡು ಮೋಹನದ ವರ್ಣ ಆರಂಭಿಸಿದಳು. ಮೊದಲ ಕಾಲ ಹದವಾಗಿ ಬಂತು. ಎರಡನೆಯ ಕಾಲದಲ್ಲಿ, ಚಿಟ್ಟೆಸ್ವರದ ಒಂದು ಕಡೆ ತಾಳ ಕೂದಲೆಳೆಯಷ್ಟು ಜಾರಿತು. ತಂದೆಗೆ ಗೊತ್ತಾಗಲಿಲ್ಲ, ಅವರು ತಲೆದೂಗುತ್ತಲೇ ಇದ್ದರು. ಹುಡುಗಿ ಮಾತ್ರ ನಿಲ್ಲಿಸಿದಳು. “ತಪ್ಪಾಯಿತು ಮಾಮ, ಇನ್ನೊಂದು ಸಲ ಹಾಡುತ್ತೇನೆ” ಎಂದು, ಕೈ ಒರೆಸಿಕೊಂಡು, ಆ ಆವರ್ತವನ್ನು ಹಿಂದಿನಿಂದ ಎತ್ತಿಕೊಂಡಳು.

ಅರ್ಜಿಯಲ್ಲಿ ಅದನ್ನು ಬರೆಯುವ ಜಾಗ ಇಲ್ಲವೆಂದು ಆಗಲೇ ಹೇಳ��ದೆನಲ್ಲ. ಸೇರಿಸಿ ಎಂದು ಮಿತ್ರರಿಗೆ ಹೇಳಿ ಕಳಿಸಿದೆ; ಈಗ ಪಾಠ ಹೇಳುತ್ತಿರುವ ಮೇಷ್ಟರನ್ನು ಮಾತ್ರ ಬಿಡಬೇಡಿ ಎಂದೂ ಹೇಳಿದೆ.